ಉಪ್ಪಿನ ಮರಿಗೆ

ಹಲಸಿನ ಮರದ ಮರಿಗೆ ಒಡೆಯಬೇಕಾದರೆ ಕೈತಪ್ಪಿ ಬೀಳಬೇಕೆಂದೇನೂ ಇಲ್ಲ. ಯಾರೂ ಮುಟ್ಟದ ಹಾಗೆ ಗಾಜಿನ ಕಪಾಟಿನಲ್ಲಿಟ್ಟರೆ ಸಾಕು. ತೀರ್ಥಹಳ್ಳಿ ಕಡೆಯ ಅಡುಗೆಮನೆಯೊಂದರಲ್ಲಿ ತಲೆಮಾರುಗಳ ಕಾಲ ಉಪ್ಪು ತುಂಬಿಕೊಂಡು ಕೂತಿದ್ದ ಮರಿಗೆ, ಮನೆ ಪಾಲಾದ ಮೇಲೆ ಬೆಂಗಳೂರಿನ ಫ್ಲಾಟಿನ ಶೋಕೇಸು ಸೇರಿತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಾಯಂಚಿನಿಂದ ತಳದವರೆಗೆ ಸೀಳಿತು. ಸಂಬಂಧಿಕರ ಆ ಮರಿಗೆ ದುರಸ್ತಿಗೆಂದು ನನ್ನ ಕೈಗೆ ಬಂತು. ಮರದ ಕೆಲಸದ ಹುಚ್ಚಿನವರ ಮನೆಗೆ ಊರಿನ ಮುರುಕಲೆಲ್ಲ ಬಂದು ಸೇರುವುದು ಸಹಜವೇ.

ಉಳಿಯಲ್ಲಿ ತೋಡಿ ಮಾಡಿದ ಮರಿಗೆಗಳೂ ಇರುತ್ತವೆ. ಇದು ಕಡಸಲು ಹಿಡಿದದ್ದು. ಒಳಮೈಯಲ್ಲಿ ಬೆರಳಾಡಿಸಿದರೆ ಉಳಿ ಸುತ್ತಿಕೊಂಡು ಬಂದ ಗೆರೆಗಳು ಒಂದರ ಪಕ್ಕ ಒಂದು ಸಿಗುತ್ತವೆ. ತಳದ ನಡುಮಧ್ಯೆ ಮಾತ್ರ ಆ ಗೆರೆಗಳಿಲ್ಲ. ಅಲ್ಲಿ ಹೆಬ್ಬೆರಳಿನ ಉಗುರಿನಗಲದ ಒರಟು ಜಾಗ. ಎರಡು ಮೊನೆಗಳ ನಡುವೆ ಮರವನ್ನು ಸಿಕ್ಕಿಸಿ ತಿರುಗಿಸುವಾಗ ನಟ್ಟನಡುವೆ ಒಂದು ಗೂಟ ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಅದನ್ನು ಮುರಿದು, ಉಳಿಯಿಂದ ಕೆತ್ತಿ ಸಮ ಮಾಡಬೇಕು. ಆ ನಾಲ್ಕೈದು ಉಳಿಯೇಟು ಈಗಲೂ ಹಾಗೇ ಇವೆ. ಮಾಡಿದವನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆತ ಬಲಗೈಯವನು ಎಂಬುದನ್ನು ಆ ಏಟುಗಳ ಓರೆ ಹೇಳುತ್ತದೆ ಅನ್ನಿಸಿತು ನನಗೆ.

ಬಿರುಕು ಎಲ್ಲಿಂದ ಶುರುವಾಯಿತೋ ಅಲ್ಲಿಂದಲೇ ಶುರುವಾಗಬೇಕಿತ್ತು. ಅಡ್ಡಲಾಗಿ ಮಲಗಿಸಿದ ದಿಮ್ಮಿಯಿಂದ ಬಟ್ಟಲು ಕಡೆದಾಗ ಬಾಯಂಚಿನ ಎರಡು ಎದುರುಬದುರು ಜಾಗಗಳಲ್ಲಿ ಮರದ ಎಳೆಗಳ ತುದಿಗಳು ಹೊರಕ್ಕೆ ತೆರೆದುಕೊಳ್ಳುತ್ತವೆ. ತೇವ ಬೇಗ ಒಳಹೋಗುವುದೂ ಬೇಗ ಹೊರಬರುವುದೂ ಆ ತುದಿಗಳಲ್ಲೇ. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಶೇಕಡ 0.1ರಿಂದ 0.2ರ ಹತ್ತಿರ. ಅಡ್ಡಕ್ಕೆ ಕುಗ್ಗುವುದು ಅದರ ಹಲವು ಪಟ್ಟು. ಅದರಲ್ಲೂ ವರ್ಷದ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹೀಗಾಗಿ ದುಂಡಗೆ ಕಡೆದ ಯಾವ ಬಟ್ಟಲೂ ಕಡೆಯವರೆಗೆ ದುಂಡಗೆ ಉಳಿಯುವುದಿಲ್ಲ. ಈ ಮರಿಗೆಯೂ ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಹಾಗಾದರೆ ಇಷ್ಟು ವರ್ಷ ಯಾಕೆ ಒಡೆಯಲಿಲ್ಲ? ಉಪ್ಪಿನಿಂದ. ಗಾಳಿಯಲ್ಲಿ ತೇವಾಂಶ ಶೇಕಡ 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಮಲೆನಾಡಿನ ಮಳೆಗಾಲವೆಂದರೆ ತಿಂಗಳುಗಟ್ಟಲೆ ಅದೇ ಹವೆ. ಕರಾವಳಿಯ ಸಾಣಿಕಟ್ಟೆಯ ಕಲ್ಲುಪ್ಪು ಮರಿಗೆಯಲ್ಲಿ ಬೆವರುತ್ತಿತ್ತು, ಮರ ಆ ಬೆವರನ್ನು ಕುಡಿಯುತ್ತಿತ್ತು. ಎಳೆಎಳೆಯಲ್ಲೂ ಉಪ್ಪು ತುಂಬಿಕೊಂಡ ಮರ ತೇವವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಕುಗ್ಗುವುದೂ ಕಡಿಮೆ. ಉಪ್ಪಿಗೆ ಮರವೇ ಬೇಕೆಂದು ಹಿರಿಯರು ಹಟ ಹಿಡಿದದ್ದು ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾಮ್ರ ಕಿಲುಬುತ್ತದೆ ಎಂಬ ಕಾರಣಕ್ಕೆ. ಆದರೆ ಕಾಪಾಡಿಕೊಂಡದ್ದು ಎರಡೂ ಕಡೆಯಿಂದ: ಮರ ಉಪ್ಪನ್ನು, ಉಪ್ಪು ಮರವನ್ನು. ಶೋಕೇಸಿನಲ್ಲಿ ಇಡುವ ಮೊದಲು ಮರಿಗೆಯನ್ನು ನೀರಿನಲ್ಲಿ ನೆನೆಹಾಕಿ, ಉಜ್ಜಿ, ಉಪ್ಪಿನ ಅಂಶವೆಲ್ಲ ಹೋಗುವಂತೆ ತೊಳೆದಿದ್ದರು. ಬೆಂಗಳೂರಿನಲ್ಲಿ ಮಾರ್ಚಿನ ಮಧ್ಯಾಹ್ನ ಗಾಳಿಯ ತೇವ ಶೇಕಡ 30ರ ಆಸುಪಾಸಿಗೆ ಇಳಿಯುತ್ತದೆ. ಉಪ್ಪು ಕಳೆದುಕೊಂಡ ಮರಕ್ಕೆ ಆ ಗಾಳಿ ತಡೆಯುವುದು ಹೇಗೆ?

ನೋಡಿದವರೆಲ್ಲ ಒಂದೊಂದು ಮದ್ದು ಹೇಳಿದರು. ಫೆವಿಕಾಲಿಗೆ ಮರದ ಹುಡಿ ಕಲಸಿ ತುಂಬು ಎಂದವರು ಹೆಚ್ಚು. ಬಿರುಕಿನ ಬೆಸುಗೆಗೆ ಚಿನ್ನದ ಹುಡಿ ಹಚ್ಚುವ ಜಪಾನಿನ ಕಿಂತ್ಸುಗಿಯ ಚಿತ್ರ ಕಳಿಸಿದವರೂ ಇದ್ದರು. ಅದು ಸುಟ್ಟ ಮಣ್ಣಿನ ಪಾತ್ರೆಯ ವಿದ್ಯೆ. ಆವಿಗೆಯಿಂದ ಹೊರಬಂದ ಮಣ್ಣು ಮತ್ತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಚೂರುಗಳನ್ನು ಸೇರಿಸಿದರೆ ಸೇರಿದ ಹಾಗೇ ಇರುತ್ತವೆ. ಮರ ಹಾಗಲ್ಲ. ಕಡಿದು ನೂರು ವರ್ಷವಾದರೂ ಆಷಾಢಕ್ಕೆ ಉಬ್ಬುತ್ತದೆ, ಶಿವರಾತ್ರಿಗೆ ಸೊರಗುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಗಟ್ಟಿಯಾದುದನ್ನು ಜಡಿದರೆ, ಮಳೆಗಾಲದಲ್ಲಿ ಮರ ಹಿಗ್ಗಿ ಆ ಜಾಗಕ್ಕೆ ಮರಳಿದಾಗ ಅಲ್ಲಿ ಬೇರೆಯವರು ಕೂತಿರುತ್ತಾರೆ. ಆಗ ಒಡೆಯುವುದು ಎದುರುಗಡೆಯ ಅಂಚು. ತೆರೆದ ಬಿರುಕಿಗೆ ಏನನ್ನೂ ತುಂಬಬಾರದು; ಈ ವಿಷಯದಲ್ಲಿ ನಾನು ಬೇರೆ ಯಾರ ಮಾತನ್ನೂ ಒಪ್ಪಲಾರೆ.

ಮರಿಗೆಯನ್ನು ಮತ್ತೆ ಲೇತಿಗೆ ಏರಿಸಿ ದುಂಡಗೆ ಮಾಡಬಹುದೇ ಎಂದು ಕೇಳಲು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿಯ ಗೊಂಬೆ ಕಡೆಯುವವರು ಆಲೆಮರದಲ್ಲಿ ಕೆಲಸ ಮಾಡುವವರು. ಬೆಳ್ಳಗಿನ, ನುಣುಪಾದ, ಉಳಿಗೆ ಮಣಿಯುವ ಮರ. ತಿರುಗುತ್ತಿರುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಗರಿ ಹಿಡಿದು ಎಳೆದರೆ ಕನ್ನಡಿಯಂಥ ಹೊಳಪು. ನಾನು ಮಾತಾಡಿಸಿದ ಹಿರಿಯ ಕುಶಲಕರ್ಮಿ ಮೆಷಿನ್ ನಿಲ್ಲಿಸಿ, ಕೈಯ ಹುಡಿ ಒರೆಸಿಕೊಂಡು, ಮರಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂಚಿನ ಸುತ್ತ ಬೆರಳುಗಳಿಂದ ದಪ್ಪ ಅಳೆದರು. "ಇದಕ್ಕೆ ಈಗ ನಡು ಇಲ್ಲ," ಎಂದರು. "ತಿರುಗಿಸಿದರೆ ಒಂದು ಕಡೆ ಉಳಿ ತಾಗುತ್ತೆ, ಇನ್ನೊಂದು ಕಡೆ ಗಾಳಿ. ದುಂಡಗೆ ಮಾಡೋ ಹೊತ್ತಿಗೆ ಬಟ್ಟಲೇ ಮುಗೀತದೆ. ಹೊಲಿದುಬಿಡಿ." ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ದಿನವಿಡೀ ಹೊಸ ವಸ್ತು ಮಾಡುವ ಮನುಷ್ಯ ಹಳೆಯದಕ್ಕೆ ಅಷ್ಟು ಹೊತ್ತು ಕೊಟ್ಟದ್ದು ನನ್ನ ಮನಸ್ಸಿನಲ್ಲಿ ನಿಂತಿದೆ.

ಹೊಲಿಯುವುದು ನಿಜ, ಆದರೆ ಯಾವುದರಿಂದ? ಬೇರೆ ಬಟ್ಟಲಾಗಿದ್ದರೆ ತಾಮ್ರದ ತಂತಿ ಒಳ್ಳೆಯದು. ಉಪ್ಪು ಹಾಕುವ ಪಾತ್ರೆಗೆ ಲೋಹ ತಾಗಕೂಡದು. ಉಳಿದದ್ದು ಬೆತ್ತ.

ಮೊದಲು ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿಟ್ಟೆ. ಅವಸರವಿಲ್ಲದೆ ತೇವ ಒಳಗಿಳಿಯಬೇಕು. ಬಿರುಕು ತಾನಾಗಿ ಮುಚ್ಚುತ್ತಾ ಬಂತು. ಕೊನೆಗೆ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ. ಆಮೇಲೆ ಬಿರುಕು ಕೊನೆಯಾಗುವ ಕಡೆ, ತಳದ ಹತ್ತಿರ, ಸಣ್ಣ ತೂತು ಕೊರೆದೆ. ಮೊನಚಾಗಿ ಮುಗಿಯುವ ಬಿರುಕಿನ ತುದಿಯಲ್ಲೇ ಎಳೆತವೆಲ್ಲ ಸೇರುವುದರಿಂದ ಅದು ಮುಂದೆ ಓಡುತ್ತದೆ. ದುಂಡಗಿನ ತೂತಿಗೆ ಬಂದು ಸೇರಿದರೆ ಆ ಎಳೆತ ಹಂಚಿಹೋಗಿ ಓಟ ನಿಲ್ಲುತ್ತದೆ.

ಹೊಲಿಗೆಯ ತೂತುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಿರುಕಿನ ಎರಡೂ ಕಡೆ ನೇರ ಸಾಲಾಗಿ ಕೊರೆದರೆ ಎಲ್ಲ ತೂತುಗಳೂ ಒಂದೇ ಎಳೆಯ ಮೇಲೆ ಬೀಳುತ್ತವೆ, ಆ ಸಾಲೇ ಮುಂದಿನ ಬಿರುಕಾಗುತ್ತದೆ. ಒಂದು ಹತ್ತಿರ, ಒಂದು ದೂರ, ಹೀಗೆ ಹಿಂದೆಮುಂದೆ ಕೊರೆಯಬೇಕು. ಕೈಬೈರಿಗೆ ತಿರುಗಿಸಿದಂತೆ ಹೊರಗೆ ಕಪ್ಪಾಗಿದ್ದ ಮರದೊಳಗಿಂದ ಹಳದಿ ಹುಡಿ ಬಂತು. ಅರಿಸಿನದಂಥ ಹಳದಿ! ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕೊಟ್ಟದ್ದು ಹಲಸಿನ ಇದೇ ಕೆಚ್ಚು. ಇಷ್ಟು ಕಾಲ ಹೊಗೆ, ಉಪ್ಪು, ಎಣ್ಣೆಗೈ ಎಲ್ಲದರ ಕೆಳಗೂ ಆ ಬಣ್ಣ ಮಾಸದೆ ಇತ್ತು. ಬೈರಿಗೆ ಕೆಳಗಿಟ್ಟು ಸ್ವಲ್ಪ ಹೊತ್ತು ಆ ಹುಡಿಯನ್ನೇ ನೋಡಿದೆ.

ಬೆತ್ತವನ್ನು ತೆಳ್ಳಗೆ ಸೀಳಿ ನೆನೆಸಿಟ್ಟು, ಮೆತ್ತಗಾದ ಮೇಲೆ ತೂತುಗಳಲ್ಲಿ ದಾಟಿಸಿ ಬಿಗಿದೆ. ಒಣಗಿದಂತೆ ಬೆತ್ತ ಬಿಗಿಯುತ್ತದೆ, ಆದರೆ ಉಕ್ಕಿನ ಹಾಗೆ ಹಟ ಮಾಡುವುದಿಲ್ಲ. ಮರ ಅಲುಗಾಡಲು ತುಸು ಎಡೆ ಕೊಡುತ್ತದೆ. ಹೊರಮೈಗೆ ಮಾತ್ರ ಅಗಸೆ ಎಣ್ಣೆ ತಿಕ್ಕಿದೆ. ತೆಂಗಿನೆಣ್ಣೆ ಎಂದಿಗೂ ಗಟ್ಟಿಯಾಗುವುದಿಲ್ಲ, ಮೇಲೆ ಕೂತು ಕಮಟುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಮರದೊಳಗೆ ಪದರವಾಗುತ್ತದೆ. ಅಡುಗೆಯ ಎಣ್ಣೆಯನ್ನೇ ತರಬೇಕು. ಬಣ್ಣದಂಗಡಿಯ ಡಬ್ಬದ ಎಣ್ಣೆಗೆ ಸಾಮಾನ್ಯವಾಗಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಒಳಮೈಗೆ ಎಣ್ಣೆ ಬೇಡ, ಅಲ್ಲಿಗೆ ಉಪ್ಪು ಬರಬೇಕು.

ಮರಿಗೆ ಹಿಂದಿರುಗಿಸುವಾಗ ಒಂದೇ ಷರತ್ತು ಹಾಕಿದೆ: ಶೋಕೇಸಿಗಲ್ಲ, ಒಲೆಯ ಪಕ್ಕಕ್ಕೆ, ಕಲ್ಲುಪ್ಪು ತುಂಬಿಸಿ. ಅನ್ನ ಬೇಯುವ ಹಬೆ, ಉಪ್ಪು ತೆಗೆಯುವ ಒದ್ದೆ ಕೈ, ಇವೆರಡೂ ಅದಕ್ಕೆ ದಿನವೂ ತಾಗುತ್ತಿರಬೇಕು. ಪ್ರತಿ ಬೇಸಿಗೆಗೂ ಬಿರುಕು ತುಸು ಕಾಣಿಸಿಕೊಳ್ಳುತ್ತದೆ, ಗಾಬರಿಯಾಗಬೇಡಿ, ಜೂನಿನಲ್ಲಿ ಮುಚ್ಚಿಕೊಳ್ಳುತ್ತದೆ ಎಂದೂ ಹೇಳಿದೆ. ಬೆತ್ತ ಕೆಲವು ವರ್ಷಕ್ಕೆ ಸವೆಯುತ್ತದೆ. ಬುಟ್ಟಿ ಹೆಣೆಯುವವರಿಂದ ತಂದದ್ದರಲ್ಲಿ ಉಳಿದಿದ್ದ ಒಂದು ಮಾರು ಸೀಳನ್ನು ಸುರುಳಿ ಸುತ್ತಿ ಜೊತೆಗೇ ಕೊಟ್ಟೆ. ಮನೆಯ ಹುಡುಗಿ ತೂತುಗಳ ದಾರಿಯನ್ನು ಬೆರಳಿನಲ್ಲಿ ಹಿಂಬಾಲಿಸಿ, ಮೊದಲ ಗಂಟು ಒಳಗೋ ಹೊರಗೋ ಎಂದು ಕೇಳಿದಳು. ಹೊರಗೆ ಎಂದು ತೋರಿಸಿಕೊಟ್ಟೆ.