ಬೀಸುಕಲ್ಲಿನ ಎದುರಿಗೆ

ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಅಚ್ಚಾದುವು. ತಾಯಿಯನ್ನಗಲಿದ ಮಗಳ ತ್ರಿಪದಿಗಳು ಅದರಲ್ಲಿ ಹಲವುಂಟು.

ಅವುಗಳ ಮರ್ಮವಿರುವುದು ಬೀಸುಕಲ್ಲಿನಲ್ಲಿ. ತವರಿನಲ್ಲಿ ಬೆಳಗಿನ ಜಾವ ಜೋಳ ಬೀಸುವಾಗ ಗೂಟ ಹಿಡಿದು ಎದುರಿಗೆ ಕುಳಿತವಳು ತಾಯಿ. ಗಂಡನ ಮನೆಯಲ್ಲಿಯೂ ಕಲ್ಲಿದೆ, ಜೋಳವಿದೆ. ಎದುರಿನ ಕೈ ಬೇರೆ. ಅಲ್ಲಿ ಅಳುವಂತಿಲ್ಲ, ಹಾಡಬಹುದು. ಆದುದರಿಂದಲೇ ಅವಳ ಅಳು ಹಾಡಾಯಿತು.

ತ್ರಿಪದಿಯ ಮೊದಲೆರಡು ಸಾಲುಗಳಿಗೆ ನಾಲ್ಕು ನಾಲ್ಕು ಗಣ; ಮೂರನೆಯದಕ್ಕೆ ಮೂರೇ. ಹೇಳುವುದು ಇನ್ನೂ ಉಳಿದಿದೆ ಎನ್ನುವಾಗಲೇ ಪದ ನಿಲ್ಲುತ್ತದೆ. ಕಷ್ಟವನ್ನೆಲ್ಲ ಕಲ್ಲಿಗೆ ಹೇಳಿದ ಮಗಳು ತಾಯಿಗೆ ಮಾತ್ರ ಹೇಳಲಾರಳು. ತಿಳಿದರೆ ಹಡೆದ ಕರುಳು ನೊಂದೀತೆಂಬ ಅಂಜಿಕೆ.

ಹಿಟ್ಟಿನ ಗಿರಣಿಗಳು ಬಂದು ಬೀಸುಕಲ್ಲು ಮೂಲೆ ಸೇರಿತು. ಅದರೊಡನೆ ಹಾಡೂ ಹೋಯಿತು. ಅಗಲಿಕೆ ಹೋಗಲಿಲ್ಲ. ಸಿಂದಗಿಯ ತಾಯಿ ಮುದ್ದೇಬಿಹಾಳದ ಸೊಸೆಯಾದ ಮಗಳನ್ನು ಫೋನಿನಲ್ಲಿ ಕೇಳುತ್ತಾಳೆ: ‘‘ಹ್ಯಾಂಗ ಅದೀಯವ್ವಾ?’’

‘‘ಆರಾಮ ಅದೀನಿ.’’

ಗಿಡ್ಡಾದ ಆ ಮೂರನೆಯ ಸಾಲು ಇದೇ. ಉಳಿದ ಗಣವನ್ನು ತಾಯಿ ಮೌನದಲ್ಲಿ ಕೇಳಿಸಿಕೊಳ್ಳುತ್ತಾಳೆ. ಒಂದು ಕಾಲಕ್ಕೆ ಅವಳೂ ತನ್ನ ತಾಯಿಗೆ ಅಷ್ಟನ್ನೇ ಹೇಳಿದವಳು.