ಹಂಪಿಯ ಪೇಟೆಯಲ್ಲಿ ಒಂದು ಮೊಳ ಹೂವು

ಹಂಪಿಗೆ ಹೋಗುವವರಲ್ಲಿ ಎರಡು ಬಗೆ. ಪುಸ್ತಕ ಓದಿಕೊಂಡು ಹೋಗಿ, ಓದಿದ್ದನ್ನೆಲ್ಲ ಅಲ್ಲಿಯ ಕಲ್ಲುಗಳಲ್ಲಿ ಹುಡುಕುವವರು ಒಂದು ಬಗೆ. ಏನನ್ನೂ ಓದದೆ ಹೋಗಿ, ಕಂಡದ್ದನ್ನು ಕಂಡ ಹಾಗೆ ನೋಡುವವರು ಇನ್ನೊಂದು ಬಗೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಮೊದಲ ಗುಂಪಿಗೆ ಸೇರಿದವನು. ನನ್ನ ಅವ್ವ ಎರಡನೆಯದಕ್ಕೆ. ಈಚೆಗೆ ಒಂದು ವರ್ಷ ಯುಗಾದಿ ಮುಗಿದ ವಾರದಲ್ಲಿ ನಾವಿಬ್ಬರೂ ಕೂಡಿ ಹೋದೆವು. ಹತ್ತಾರು ಸಲ ನೋಡಿದ ಊರಿನಲ್ಲಿ ನಾನು ನೋಡದೆ ಬಿಟ್ಟದ್ದು ಏನೆಂಬುದು ಅಂದು ತಿಳಿಯಿತು.

ನಮ್ಮದು ಮಾಗಳ. ಹೂವಿನ ಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಊರು. ಊರಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯಿದೆ. ಎಂದರೆ, 1336ರಲ್ಲಿ ವಿಜಯನಗರ ತಲೆಯೆತ್ತುವುದಕ್ಕೆ ಎಷ್ಟೋ ಮೊದಲೇ ನಮ್ಮೂರವರು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಹಡಗಲಿಗೆ ‘ಹೂವಿನ’ ಎಂಬ ಮಾತು ಅಂಟಿಕೊಂಡದ್ದಕ್ಕೆ ನಮ್ಮ ಕಡೆಯ ಹಿರಿಯರು ಒಂದು ಕಾರಣ ಹೇಳುತ್ತಾರೆ: ಇಲ್ಲಿಯ ತೋಟಗಳ ಹೂವು ಹೊಳೆಯ ಮೇಲೆ ಹಂಪಿಯ ವಿರೂಪಾಕ್ಷನಿಗೆ ಹೋಗುತ್ತಿತ್ತಂತೆ. ಹುಡುಗನಾಗಿದ್ದಾಗ, ಇದಕ್ಕೆ ಶಾಸನ ಎಲ್ಲಿದೆ ಎಂದು ಕೇಳುವ ಬುದ್ಧಿ ನನಗಿರಲಿಲ್ಲ; ಈಗ ಕೇಳುವ ಮನಸ್ಸಿಲ್ಲ. ನಡುವೆ ಹೊಸಪೇಟೆಯ ಬಳಿ 1953ರಲ್ಲಿ ಮುಗಿದ ಅಣೆಕಟ್ಟು ಅಡ್ಡ ನಿಂತಿದ್ದರೂ ಹೊಳೆಯೇನೋ ಈಗಲೂ ಅತ್ತಲೇ ಹರಿಯುತ್ತದೆ.

ಹೊರಟ ದಿನ ಬೆಳಗ್ಗೆ, ಹಡಗಲಿಯಲ್ಲಿ ಬಸ್ಸು ಬದಲಾಯಿಸುವಾಗ, ಅವ್ವ ವಿರೂಪಾಕ್ಷನಿಗೆಂದು ನಾಲ್ಕು ಮೊಳ ಮಲ್ಲಿಗೆ ಕೊಂಡಳು. ಮಾರುವ ಹುಡುಗಿ ತನ್ನ ಕೈಯಿಂದ ಅಳೆದದ್ದು ಅವಳಿಗೆ ಒಪ್ಪಿಗೆಯಾಗಲಿಲ್ಲ. “ನಿನ್ನ ಕೈ ಸಣ್ಣದೈತಿ, ನನ್ನ ಕೈಲೆ ಅಳಿ” ಎಂದು ತನ್ನ ಮೊಣಕೈಯನ್ನು ಮುಂದೆ ಚಾಚಿದಳು. ಮೊಳಕ್ಕೆ ಇಪ್ಪತ್ತು ರೂಪಾಯಿ. ಮಾಲೆಯನ್ನು ಬಾಳೆಯೆಲೆಯಲ್ಲಿ ಸುತ್ತಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಎಳೆಗೂಸನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಾರದೆ ಪಾಠಕ್ಕೆ ತೊಡಗಿದನು. 1443ರಲ್ಲಿ ಹೆರಾತಿನಿಂದ ಅಬ್ದುಲ್ ರಜಾಕ್ ಎಂಬ ರಾಯಭಾರಿ ಇಮ್ಮಡಿ ದೇವರಾಯನ ಬಳಿಗೆ ಬಂದಿದ್ದನೆಂದೂ, ಈ ಊರಿನ ಜನಕ್ಕೆ ಅನ್ನ ಹೇಗೋ ಹಾಗೆ ಗುಲಾಬಿಯೂ ಬೇಕೇ ಬೇಕು ಎಂದು ಅವನು ಬೆರಗಾಗಿ ಬರೆದಿಟ್ಟಿದ್ದಾನೆಂದೂ ಹೇಳಿದೆ. ಅವ್ವ ಕೇಳಿ, “ಗುಲಾಬಿ ಅಂತ ಬರದಾನ? ಮಲ್ಲಿಗಿ ಅಂತ ಬರದಿಲ್ಲ?” ಎಂದಳು. ರಾಯಭಾರಿಯ ಮೇಲೆ ಅವಳಿಗಿದ್ದ ಗೌರವ ಅಲ್ಲಿಗೆ ಮುಗಿಯಿತು.

ಹೊಸಪೇಟೆಯಲ್ಲಿ ಆಟೋ ಹಿಡಿದು ಕಮಲಾಪುರದ ಮೇಲೆ ಹೋದೆವು. ಹಜಾರರಾಮನ ಗುಡಿಯ ಗೋಡೆಯ ಮೇಲಿನ ರಾಮಾಯಣವನ್ನು ಅವ್ವ ಬೆರಳಿಟ್ಟು ಓದುವವಳಂತೆ ಸುತ್ತು ಬಂದು ನೋಡಿದಳು. ಹೊರಗೆ ಬಂದರೆ ಪಾನ್ ಸುಪಾರಿ ಬಜಾರಿನ ಹಾದಿ. ಇದು ಈಚಿನವರು ಇಟ್ಟ ಹೆಸರಲ್ಲ. ಅಲ್ಲಿಯೇ ಇಮ್ಮಡಿ ದೇವರಾಯ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ; ಬಸದಿ ಎಲೆಅಡಿಕೆ ಪೇಟೆಯ ಬೀದಿಯಲ್ಲಿದೆಯೆಂದು 1426ರ ಶಾಸನವೇ ಹೇಳುತ್ತದೆ. ಬಿಸಿಲಿಗೆ ದಣಿದಿದ್ದ ಅವ್ವ ಒಂದು ಹಾಸುಗಲ್ಲಿನ ಮೇಲೆ ಕುಳಿತು ಸಂಚಿ ಬಿಚ್ಚಿದಳು. ಎಲೆಯಿತ್ತು, ಅಡಿಕೆಯಿತ್ತು, ಡಬ್ಬಿಯ ಸುಣ್ಣ ಒಣಗಿ ಹೋಗಿತ್ತು.

“ಇಲ್ಲಿ ಎಲ್ಲ್ಯರ ಸುಣ್ಣ ಸಿಗತೈತೇನು?”

“ಇಲ್ಲವ್ವ. ಇದು ಹಿಂದಿನ ಕಾಲದ ಎಲೆಅಡಿಕೆ ಪೇಟೆ.”

“ಎಲಿಅಡಿಕಿ ಪೇಟ್ಯಾಗ ಸುಣ್ಣ ಸಿಗಂಗಿಲ್ಲ ಅಂದ್ರ?”

ಅಬ್ದುಲ್ ರಜಾಕ್ ಈ ಊರಿನಲ್ಲಿ ಒಂದೊಂದು ಕಸಬಿನವರ ಅಂಗಡಿಗಳು ಒಂದಕ್ಕೊಂದು ತಗುಲಿಕೊಂಡು ಸಾಲಾಗಿದ್ದುದನ್ನೂ, ಮುತ್ತು ಮಾಣಿಕ್ಯಗಳನ್ನು ಬಯಲಿನಲ್ಲಿಯೇ ಮಾರುತ್ತಿದ್ದುದನ್ನೂ ವರ್ಣಿಸಿದ್ದಾನೆ. ಅದನ್ನು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಚಿಟಿಕೆ ಸುಣ್ಣ ಸಿಗದ ಕಡೆ ಮಾಣಿಕ್ಯದ ಮಾತು ಆಡುವುದು ಹೇಗೆ?

ಅಲ್ಲಿಂದ ಕೃಷ್ಣದೇವರಾಯನ ಕಾಲದ ಕೃಷ್ಣ ಗುಡಿಯ ಮುಂದಿನ ಪೇಟೆಗೆ ಬಂದೆವು. ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನನ್ನು ರಾಯ ಪ್ರತಿಷ್ಠಿಸಿದ ಗುಡಿ ಅದು. ಸಮೀಪದಲ್ಲಿಯೇ ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ. ಸಾಸಿವೆಕಾಳು ಗಣಪನ ಮಂಟಪವನ್ನು 1506ರಲ್ಲಿ ಕಟ್ಟಿಸಿದವನು ಚಂದ್ರಗಿರಿಯ ಕಡೆಯಿಂದ ಬಂದ ಒಬ್ಬ ವರ್ತಕ. ಅರಸರ ಊರೆಂದು ನಾವು ಕರೆಯುತ್ತೇವೆ. ಒಂದೊಂದು ತಿರುವಿನಲ್ಲಿಯೂ ಎದುರಾಗುವವರು ಮಾತ್ರ ವ್ಯಾಪಾರದವರು.

ಕೊನೆಗೆ ವಿರೂಪಾಕ್ಷನ ಬೀದಿ. ದೊಡ್ಡ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದ. ಎರಡು ಕಡೆಯೂ ಕಲ್ಲುಕಂಬದ ಮಂಟಪಗಳ ಸಾಲು. ಇಲ್ಲಿ ಓದುಗರ ಮುಂದೆ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಎಂ.ಎ. ಓದುತ್ತಿದ್ದ ಕಾಲಕ್ಕೆ ಈ ಮಂಟಪಗಳಲ್ಲಿ ಸಂಸಾರಗಳಿದ್ದವು, ಚಹಾದ ಅಂಗಡಿಗಳಿದ್ದವು, ಬಳೆ, ಕುಂಕುಮ, ಬಟ್ಟೆ, ಬೆಂಡುಬತ್ತಾಸು ಎಲ್ಲವೂ ಇದ್ದವು. ಕಂಬಗಳ ನಡುವೆ ಗೋಡೆಯೆಬ್ಬಿಸಿದ್ದರು. ಶಿಲ್ಪಕ್ಕೆ ಮೊಳೆ ಹೊಡೆದು ಚೀಲ ತೂಗುಹಾಕಿದ್ದರು. ಒಲೆಯ ಹೊಗೆ ಹತ್ತಿ ಕಲ್ಲು ಕಪ್ಪಾಗಿತ್ತು. ನನಗೆ ಮೈಯುರಿಯುತ್ತಿತ್ತು. ಇದನ್ನೆಲ್ಲ ಎತ್ತಿಸಿದರೆ ಕೃಷ್ಣದೇವರಾಯ ಕಂಡ ಬೀದಿಯನ್ನು ನಾವೂ ಕಾಣಬಹುದಲ್ಲ ಎಂದು ಗೆಳೆಯರ ಮುಂದೆ ಭಾಷಣ ಬಿಗಿದಿದ್ದೆ. 1986ರಲ್ಲಿಯೇ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. 2011ರ ಜುಲೈ ತಿಂಗಳಲ್ಲಿ ಎಲ್ಲವನ್ನೂ ಎತ್ತಿಸಿದರು. ನೂರಾರು ಸಂಸಾರಗಳು ಬೀದಿ ಬಿಟ್ಟವು; ಮುಂದೆ ಅವರಿಗೆ ಕಡ್ಡಿರಾಂಪುರದಲ್ಲಿ ನೆಲೆ ಎಂದಾಯಿತು. ಆ ಸುದ್ದಿ ಓದಿದ ದಿನ, ಸುಳ್ಳೇಕೆ ಹೇಳಲಿ, ನನಗೆ ಸಂತೋಷವೇ ಆಗಿತ್ತು. ತರಗತಿಯಲ್ಲಿಯೂ ಅದನ್ನು ಹೇಳಿದ್ದೆ.

ಅವ್ವ ಬೀದಿಯ ನಡುವೆ ನಿಂತು ಎಡಗಡೆಯ ಸಾಲನ್ನು ಎಣಿಸುತ್ತಿದ್ದಳು.

“ಇಲ್ಲೇ ಬಳಿ ಅಂಗಡಿ ಇತ್ತಲ್ಲೋ. ನೀನು ಸಾಲಿಗೆ ಹೋಗೋವಾಗ ನಾವು ಜಾತ್ರಿಗೆ ಬಂದಿದ್ವಿ. ಹಸರ ಬಳಿ ಇಡಿಸಿಕೊಂಡಿದ್ದೆ. ಆ ಬಳಿಗಾರ ಎಲ್ಲಿ ಹೋದ?”

“ಎಲ್ಲರನ್ನೂ ಬೇರೆ ಕಡೆ ಕಳಿಸಿದರವ್ವ.”

“ಅವನ ಮಗಳ ಲಗ್ನ ಗೊತ್ತಾಗಿತ್ತು. ರೊಕ್ಕ ಸಾಲವು ಅಂತ ಪೇಚಾಡ್ತಿದ್ದ. ಆತೋ ಇಲ್ಲೋ?”

ನನ್ನ ಬಳಿ ಉತ್ತರವಿರಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಾಯಸ್ ಈ ನಗರದ ಸಂಜೆಯ ಸಂತೆಯಲ್ಲಿ ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆಯವರೆಗೆ ಏನೇನು ಮಾರುತ್ತಿದ್ದರೆಂದು ಹೇಳಿದ್ದಾನೆ. ನನಗೆ ಅದು ಬಾಯಿಪಾಠ. ಊರೊಳಗೆ ಒಂದು ನಾಣ್ಯಕ್ಕೆ ಮೂರು ಕೋಳಿ, ಊರಹೊರಗೆ ಅದೇ ನಾಣ್ಯಕ್ಕೆ ನಾಲ್ಕು ಎಂಬ ಲೆಕ್ಕವನ್ನೂ ಅವನು ಕೊಟ್ಟಿದ್ದಾನೆ. ಅದೂ ನನಗೆ ಗೊತ್ತು. ಐನೂರು ವರ್ಷದ ಹಿಂದಿನ ಕೋಳಿಯ ಬೆಲೆ ಬಲ್ಲೆ; ನಮ್ಮ ಅವ್ವನ ಕೈಗೆ ಬಳೆ ಇಟ್ಟವನ ಹೆಸರು ತಿಳಿಯೆ. 1565ರ ಯುದ್ಧದ ಮೇಲೆ ಪೇಟೆ ಬರಿದಾದ ಕಥೆಯನ್ನು ಹೇಳುವಾಗ ತರಗತಿಯಲ್ಲಿ ನನ್ನ ಗಂಟಲು ಬಿಗಿದದ್ದುಂಟು. ಅದೇ ಪೇಟೆ ನನ್ನ ಕಣ್ಣೆದುರಿಗೆ ಎರಡನೆಯ ಸಲ ಬರಿದಾದಾಗ ನಾನು ಸಂತೋಷಪಟ್ಟಿದ್ದೆ.

ಹಾಗೆಂದು ಮೊಳೆ ಹೊಡೆದದ್ದು ಸರಿಯೆಂದು ಈಗಲೂ ನಾನು ಹೇಳಲಾರೆ. ಕಂಬಗಳು ಈಗ ಚೆನ್ನಾಗಿ ಕಾಣುತ್ತವೆ, ಕಲ್ಲು ಉಸಿರಾಡುತ್ತಿದೆ. ಆದರೆ ಕಲ್ಲನ್ನೂ ಜನರನ್ನೂ ಒಟ್ಟಿಗೆ ಉಳಿಸುವ ಉಪಾಯ ಇತ್ತೇ ಎಂದು ನಾನು ಒಂದು ದಿನವಾದರೂ ಯೋಚಿಸಿದವನಲ್ಲ. ಆ ಮಧ್ಯಾಹ್ನ ಅದು ನನ್ನನ್ನು ಬಹಳ ಚುಚ್ಚಿತು.

ಗೋಪುರದ ಹತ್ತಿರ ಹೆಂಗಸೊಬ್ಬಳು ಬುಟ್ಟಿಯಿಟ್ಟುಕೊಂಡು ಕುಳಿತಿದ್ದಳು. ಕೈಯಲ್ಲಿ ನಾಲ್ಕು ಮೊಳ ಹೂವಿದ್ದರೂ ಅವ್ವ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು.

“ಎಲ್ಲಿ ಹೂವಬೇ ಇವು?”

“ಹಡಗಲಿವು, ಯವ್ವಾ. ಮೊಳ ಮೂವತ್ತು.”

“ನಾವೂ ಅದೇ ಕಡ್ಯಾರು. ಮುಂಜಾನೆ ಇಪ್ಪತ್ತಕ್ಕ ತಂದೀನಿ!”

“ಅಲ್ಲಿ ಇಪ್ಪತ್ತು, ಇಲ್ಲಿ ಮೂವತ್ತು. ಬಸ್ಸಿನ್ಯಾವ ಪುಕ್ಕಟ ತರ್ತಾನೇನು?”

ಊರೊಳಗೆ ಮೂರು, ಊರಹೊರಗೆ ನಾಲ್ಕು! ಪಾಯಸ್ ಬರೆದ ಲೆಕ್ಕ ಇಲ್ಲಿ, ಬಿದಿರಬುಟ್ಟಿಯ ಮುಂದೆ, ಇನ್ನೂ ನಡೆಯುತ್ತಿತ್ತು. ಹದಿನೈದು ನಿಮಿಷ ಚೌಕಾಶಿಯಾಯಿತು. ಕೊನೆಗೆ ಇಪ್ಪತ್ತೈದಕ್ಕೆ ತೀರ್ಮಾನವಾಗಿ, ಅವ್ವನ ಕೈಯಿಂದಲೇ ಅಳೆದು ಒಂದು ಮೊಳ ಕೊಂಡದ್ದಾಯಿತು. ಅಷ್ಟರಲ್ಲಿ ಇಬ್ಬರೂ ಮಕ್ಕಳು, ಮಳೆ, ಮಂಡಿನೋವುಗಳ ಸುದ್ದಿಯನ್ನೆಲ್ಲ ಮುಗಿಸಿದ್ದರು. ಏಳುವ ಮುನ್ನ ಅವ್ವ ಬಳೆಗಾರನ ಮಾತೆತ್ತಿದಳು. ಹೂವಿನವಳು ಸ್ವಲ್ಪ ಹೊತ್ತು ಯೋಚಿಸಿ, “ಅವ್ರಾ? ಮುದುಕಪ್ಪ ತೀರಿಕೊಂಡ. ಮಗ ಕಡ್ಡಿರಾಂಪುರದಾಗ ಅದಾನ. ಜಾತ್ರ್ಯಾಗ ಅಂಗಡಿ ಹಾಕ್ತಾನ” ಎಂದಳು.

“ಮಗಳ ಲಗ್ನ?”

“ಆತಲ್ಲ, ಯವ್ವಾ! ಆಕಿ ಮಗಳಿಗೇ ಲಗ್ನ ಆಗೇತಿ.”

ಅವ್ವನ ಮುಖ ಅರಳಿತು. ಒಳಗೆ ಹೋಗಿ ನಾಲ್ಕು ಮೊಳವನ್ನು ವಿರೂಪಾಕ್ಷನಿಗೆ ಒಪ್ಪಿಸಿದಳು. ಹೊಸದಾಗಿ ಕೊಂಡ ಒಂದು ಮೊಳವನ್ನು ಮುಡಿದುಕೊಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ, ಚೈತ್ರದ ಹುಣ್ಣಿಮೆಯ ತೇರಿಗೆ ಇನ್ನೆಷ್ಟು ದಿನ ಎಂದು ಅವಳು ಕೇಳಿದಳು. ಹೇಳಿದೆ. “ಬರೋಣು. ಬಳಿ ಇಡಿಸಿಕೋಬೇಕು” ಎಂದು ಕಿಟಕಿಗೆ ತಲೆಯಾನಿಸಿ ಕಣ್ಣುಮುಚ್ಚಿದಳು. ಕಾಲೇಜಿಗೆ ರಜೆಯಿಲ್ಲದ ದಿನ ಅದು. ರಜೆಯ ಅರ್ಜಿಯಲ್ಲಿ ಏನು ಕಾರಣ ಬರೆಯುವುದೆಂದು ಯೋಚಿಸುತ್ತ ನಾನು ಮರಿಯಮ್ಮನಹಳ್ಳಿಯವರೆಗೂ ಎಚ್ಚರವಾಗಿಯೇ ಇದ್ದೆ.