ಸೆಟ್ ಪಾಯಿಂಟ್, ಕರಿಯ ಮತ್ತು ಪುಟ್ಟಿ

ನಮ್ಮ ಹಾಸ್ಟೆಲ್ ಬ್ಲಾಕಿನ ಫಸ್ಟ್ ಏಡ್ ಡಬ್ಬಿಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇದೆ. ಅದರ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ "ನಾಯಿಗೆ ಮಾತ್ರ" ಅಂತ ಬರೆದಿದ್ದೀವಿ. ಜೂನಿಯರ್‌ಗಳು ಓದಿ ನಗ್ತಾರೆ. ಅದನ್ನು ಎಲ್ಲಿ ಇಟ್ಟು ನೋಡ್ತೀವಿ ಅಂತ ಹೇಳಿದ ಮೇಲೆ ಯಾರೂ ಮುಟ್ಟಲ್ಲ.

ನಾಯಿಯ ಮೈ ನಮ್ಮದಕ್ಕಿಂತ ಬಿಸಿ. ನಮಗೆ 98.6 ಡಿಗ್ರಿ ಫ್ಯಾರನ್‌ಹೀಟ್ ಆದರೆ ಅದಕ್ಕೆ ಸುಮಾರು 101ರಿಂದ 102.5. ಹಾಗಾಗಿ ಕೈಯಿಂದ ಮುಟ್ಟಿ ನೋಡಿದರೆ ಎಲ್ಲಾ ನಾಯಿಗೂ ಜ್ವರ ಇದ್ದಂಗೇ ಅನಿಸುತ್ತೆ. ಮೂಗು ಒಣಗಿದ್ರೆ ಜ್ವರ ಅನ್ನೋದೂ ನಂಬೋ ಮಾತಲ್ಲ. ನಿದ್ದೆಯಿಂದ ಎದ್ದ ನಾಯಿಯ ಮೂಗೂ ಒಣಗಿರಬಹುದು. ಥರ್ಮಾಮೀಟರ್‌ಗೆ ವ್ಯಾಸಲೀನ್ ಹಚ್ಚಿ, ಬಾಲದ ಕೆಳಗೆ ಒಂದು ಇಂಚು ಒಳಗೆ ಇಟ್ಟು ನೋಡಬೇಕು. ಒಬ್ಬರು ತಲೆ ಹಿಡಿದು ಮಾತಾಡಿಸ್ತಿರಬೇಕು. ಪರಿಚಯ ಇಲ್ಲದ ನಾಯಿಗೆ ಈ ಸಾಹಸ ಬೇಡ.

ಅಂಕಿ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲ್ಲ ಅನ್ನೋದನ್ನು ನಮಗೆ ತೋರಿಸಿದ್ದು ಕ್ಯಾಂಪಸ್ಸಿನ ಎರಡು ನಾಯಿಗಳು.

ಮೊದಲನೆಯದು ಕರಿಯ. ಮೇ ತಿಂಗಳು, ಕಲಬುರಗಿ, ಹೊರಗೆ 42 ಡಿಗ್ರಿ ಸೆಲ್ಸಿಯಸ್. ಲ್ಯಾಬ್ ಎಕ್ಸಾಮ್ ಮುಗಿಸಿ ಬರುವಾಗ ಸೈಕಲ್ ಸ್ಟ್ಯಾಂಡ್ ಹತ್ತಿರ ಬಿದ್ದಿದ್ದ. ಜೋರು ಏದುಸಿರು, ದಪ್ಪ ಜೊಲ್ಲು, ಒಸಡು ಕೆಂಪಗೆ. ಏಳಲು ಹೋದರೆ ಹಿಂಗಾಲು ತೂರಾಡ್ತಿತ್ತು. 106.4 ಡಿಗ್ರಿ.

ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಕರಿಯನ ಮೈ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು, ಗಾಳಿಯೇ 42. ಕಂಡಕ್ಷನ್, ಕನ್ವೆಕ್ಷನ್, ರೇಡಿಯೇಷನ್ ಮೂರೂ ಶಾಖವನ್ನು ಒಳಗೇ ತರ್ತಿವೆ. ಉಳಿದ ದಾರಿ ಒಂದೇ, ನೀರು ಆವಿಯಾಗೋದು. ನಮ್ಮ ಹಾಗೆ ಮೈತುಂಬ ಬೆವರೋಕೆ ನಾಯಿಗೆ ಆಗಲ್ಲ. ಪಾದದಡಿಯಲ್ಲಿ ಬರೋ ಸ್ವಲ್ಪ ಬೆವರು ಯಾವ ಲೆಕ್ಕಕ್ಕೂ ಇಲ್ಲ. ನಾಲಿಗೆ, ಬಾಯಿ, ಮೂಗಿನ ಒಳಭಾಗವೇ ಅದರ ರೇಡಿಯೇಟರ್. ಮಂಗಳೂರಿನಲ್ಲಿ 34 ಡಿಗ್ರಿ ಇದ್ದರೂ ಗಾಳಿಯ ತೇವ ಹೆಚ್ಚಾದ್ದರಿಂದ ಆ ರೇಡಿಯೇಟರ್ ಸೋಲುತ್ತೆ. ಮೂಗೇ ಚಪ್ಪಟೆ ಇರೋ ಪಗ್‌ಗೆ ಎಲ್ಲಿದ್ದರೂ ಕಷ್ಟ.

ನಾವು ಅವನನ್ನು ನೆರಳಿಗೆ ಎಳೆದು, ನಲ್ಲಿ ಪೈಪ್ ತರೋಕೆ ಓಡಿದೆವು. ವಾಚ್‌ಮನ್ ಕಾಕಾ ಕೂಗಿದರು: "ಏ, ಟಾಕಿ ನೀರು ಹಾಕಬ್ಯಾಡ್ರೋ, ಅದೇ ಕುದಿಲಿಕ್ಕತ್ತದ! ಸಂಪಿನ ನೀರು ತಗೊಂಬರ್ರಿ." ಸಂಪಿನ ನೀರನ್ನು ಹೊಟ್ಟೆ, ತೊಡೆಸಂದು, ಕಂಕುಳಿಗೆ, ಕೂದಲಿನ ಬುಡ ನೆನೆಯೋ ಹಾಗೆ ಸುರಿದು, ಟೇಬಲ್ ಫ್ಯಾನ್ ಹಚ್ಚಿದೆವು. ಒಂದು ಗ್ರಾಂ ನೀರು ಆವಿಯಾಗೋಕೆ ಸುಮಾರು 2,400 ಜೂಲ್ ಬೇಕು. 15 ಕೆಜಿ ನಾಯಿ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯೋಕೆ, ಕಾಗದದ ಲೆಕ್ಕದಲ್ಲಿ, 22 ಗ್ರಾಂ ನೀರು ಆವಿಯಾದರೆ ಸಾಕು. ಒದ್ದೆ ಟವೆಲ್ ಹೊದಿಸಿ ಬಿಟ್ಟುಬಿಟ್ಟರೆ ಈ ಆವಿಯೇ ತಡೆಯುತ್ತೆ. ಫ್ಯಾನಿನ ಗಾಳಿ ಮೈಗೆ ತಾಗಬೇಕು. ತೂರಾಡೋ ನಾಯಿಯ ಬಾಯಿಗೆ ನೀರು ಸುರೀಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. 103.5 ಆಗುತ್ತಲೇ ನೀರು ನಿಲ್ಲಿಸಿ ಆಟೋ ಹತ್ತಿಸಿದೆವು. ಪಶು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರು, "ಎದ್ದು ನಿಂತ ಅಂತ ಬಿಡಬೇಡಿ, ಮುಂದಿನ ಎರಡು ಮೂರು ದಿನದಲ್ಲಿ ಕಿಡ್ನಿ ಕೈಕೊಡಬಹುದು" ಅಂದರು. ಮೂರು ದಿನ ಅವನು ಉಚ್ಚೆ ಹೊಯ್ದಾಗೆಲ್ಲ ನಮ್ಮ ವಾಟ್ಸ್‌ಆಪ್ ಗ್ರೂಪಿನಲ್ಲಿ ಹಬ್ಬ. ಕರಿಯ ಉಳಿದ.

ಎರಡನೆಯದು ಪುಟ್ಟಿ. ಆಗಸ್ಟ್, ಮಳೆ, ಸೆಖೆಯೇ ಇಲ್ಲ. ಮೆಸ್ಸಿನ ಚಪಾತಿ ಮೂಸಲೂ ಇಲ್ಲ. ಮುದುಡಿ ಮಲಗಿ ನಡುಗ್ತಿದ್ದಳು. 104.8. ಒಬ್ಬ ಬಕೆಟ್ ಹಿಡಿದ, ಇನ್ನೊಬ್ಬ ಪ್ಯಾರಾಸಿಟಮಾಲ್ ತಂದ. ಅದೇ ಡಾಕ್ಟರಿಗೆ ಫೋನ್ ಮಾಡಿದರೆ ಎರಡಕ್ಕೂ ಬೇಡ ಅಂದರು.

ಯಾಕೆ? ಎಸಿ ರೂಮ್ ನೆನೆಸಿಕೊಳ್ಳಿ. ರೂಮ್ ಬಿಸಿಯಾಗಿದ್ದರೆ ಎರಡು ಕಾರಣ ಇರಬಹುದು: ಎಸಿ ಸೋತಿದೆ, ಅಥವಾ ಯಾರೋ ರಿಮೋಟ್‌ನಲ್ಲಿ 30ಕ್ಕೆ ಇಟ್ಟಿದ್ದಾರೆ. ಕರಿಯನ ಸೆಟ್ ಪಾಯಿಂಟ್ ಸರಿಯಾಗೇ ಇತ್ತು, ಕೂಲಿಂಗ್ ಸೋತಿತ್ತು. ಪುಟ್ಟಿಯ ಕೂಲಿಂಗ್ ಸರಿಯಾಗಿತ್ತು. ಸೋಂಕಿನ ವಿರುದ್ಧ ಹೋರಾಡೋಕೆ ಮೆದುಳಿನ ಹೈಪೋಥಲಾಮಸ್ಸೇ ಸೆಟ್ ಪಾಯಿಂಟ್ ಏರಿಸಿತ್ತು. ಅವಳ ಮೇಲೆ ತಣ್ಣೀರು ಸುರಿದರೆ ಮೈ ಇನ್ನೂ ನಡುಗಿ ಶಾಖ ಹುಟ್ಟಿಸುತ್ತೆ, ಇರೋ ಶಕ್ತಿಯೂ ಹೋಗುತ್ತೆ. ಇನ್ನು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು.

ಕಿವಿಯೊಳಗೆ, ಕಾಲ್ಬೆರಳ ಸಂದಿನಲ್ಲಿ ಉಣ್ಣಿ ಸಿಕ್ಕವು. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ, ಅಂದರೆ ಉಣ್ಣಿ ಜ್ವರ. ನಾಲ್ಕು ವಾರ ಮಾತ್ರೆ. ಮಧ್ಯೆ ಇಂಟರ್ನಲ್ಸ್ ಬಂತು. ರೂಮಿಗೆ ಒಂದು ವಾರ ಅಂತ ನಾಲ್ಕು ರೂಮಿನವರು ಹಂಚಿಕೊಂಡೆವು. ಅಟೆಂಡೆನ್ಸ್ 75 ಮುಟ್ಟಿಸದ ಜನವೂ ಪುಟ್ಟಿಯ ಒಂದು ಡೋಸ್ ತಪ್ಪಿಸಲಿಲ್ಲ.

ಈ ಬೇಸಿಗೆಗೆ ಬೇವಿನ ಮರದಡಿ ಎರಡು ಮಣ್ಣಿನ ತೊಟ್ಟಿ ಇಟ್ಟಿದ್ದೀವಿ. ಮಧ್ಯಾಹ್ನ ಊಟಕ್ಕೆ ಹೋಗೋರು ಒಂದೊಂದು ಬಾಟಲಿ ನೀರು ಹಾಕಿ ಹೋಗಿ. ಟಾಕಿ ನೀರು ಮಾತ್ರ ಬೇಡ.